ಅಪ್ಪನ ದನಿ ಅರ್ಧ ತಾಸಿಗೆ ಬಿದ್ದು ಹೋಗುತ್ತದೆ, ಡಾಕ್ಟರು ‘ಏನೂ ಇಲ್ಲ’ ಅಂದರು. ಧ್ವನಿ ತಂತು ವೀಕ್ ಆಗಿದೆಯಾ ಅಂತ ಗೊತ್ತಾಗುವುದು ಹೇಗೆ?

ಸಿರುಗುಪ್ಪದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ ಹಾರ್ಮೋನಿಯಂ ಮಾಸ್ತರು. ವಯಸ್ಸು 61. ಸಿರುಗುಪ್ಪದ ಸುತ್ತಮುತ್ತ ಹಳ್ಳಿಗಳಲ್ಲಿ ದೊಡ್ಡಾಟ ಕಲಿಸುತ್ತಾರೆ. ಒಂದೊಂದು ಊರಲ್ಲಿ ತಿಂಗಳುಗಟ್ಟಲೆ ಇದ್ದು, ಓದಲು ಬಾರದವರಿಗೂ ಬಾಯಿಪಾಠ ಮಾಡಿಸಿ, ರಾತ್ರಿ ಎಲ್ಲ ಹಾಡಿ ತೋರಿಸಿ ಆಟ ಕಟ್ಟುತ್ತಾರೆ. ಸಂಕ್ರಾಂತಿ ಹೊತ್ತಿಗೆ ಅವರಿಗೆ ಜ್ವರ, ನೆಗಡಿ ಬಂತು. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು. ದನಿ ಮಾತ್ರ ವಾಪಸ್ ಬರಲಿಲ್ಲ.

ಬೆಳಿಗ್ಗೆ ಎದ್ದಾಗ ಪರವಾಗಿಲ್ಲ ಅನಿಸುತ್ತದೆ. ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಕೂತು ಅರ್ಧ ತಾಸು ಆಗುವಷ್ಟರಲ್ಲಿ ಗಾಳಿ ಗಾಳಿ ಆಗುತ್ತದೆ. ಮೊದಲು ಬಿಳಿ ನಾಲ್ಕರಲ್ಲಿ (ಪೆಟ್ಟಿಗೆಯ ನಾಲ್ಕನೇ ಬಿಳಿ ಮನೆಯ ಶ್ರುತಿ) ಸಲೀಸಾಗಿ ಮೇಲಿನ ಷಡ್ಜ ಮುಟ್ಟುತ್ತಿದ್ದರು. ಈಗ ಪೆಟ್ಟಿಗೆಯ ಮನೆ ಒತ್ತಿ ಹಿಡಿದು ಬಾಯಿ ತೆರೆದರೆ ಬರೀ ಉಸಿರು ಬರುತ್ತದೆ. ಒಂದು ಸಾಲು ಮುಗಿಯುವುದರೊಳಗೆ ಎರಡು ಸಲ ಉಸಿರು ತಗೊಳ್ಳುತ್ತಾರೆ. ನೀರು ಕುಡಿದಾಗ ಒಮ್ಮೊಮ್ಮೆ ಕೆಮ್ಮು ಬರುತ್ತದೆ.

ಮೊದಲು ಊರಿನ ಡಾಕ್ಟರು ಗುಳಿಗೆ ಕೊಟ್ಟರು. ಆಮೇಲೆ ಒಬ್ಬ ಇಎನ್‌ಟಿ ಡಾಕ್ಟರು ಬಾಯಲ್ಲಿ ಸಣ್ಣ ಕನ್ನಡಿ ಹಾಕಿ ನೋಡಿ, ‘ಎರಡೂ ತಂತು ಆಡುತ್ತಿವೆ, ಏನೂ ತೊಂದರೆ ಇಲ್ಲ, ಆ್ಯಸಿಡಿಟಿ’ ಅಂದರು. ಎರಡು ತಿಂಗಳು ಆ್ಯಸಿಡಿಟಿ ಗುಳಿಗೆ ತಿಂದದ್ದಾಯಿತು. ಮೊನ್ನೆ ಇನ್ನೊಬ್ಬರು ನೋಡಿ, ‘ಎಡಗಡೆ ಸ್ವಲ್ಪ ವೀಕ್ ಇದ್ದರೂ ಇರಬಹುದು, ಪ್ಯಾರೆಸಿಸ್ ಅಂತೀವಿ, ಸ್ಟ್ರೋಬೋ ಮಾಡಿಸಿ’ ಅಂತ ಚೀಟಿ ಬರೆದರು. ಒಬ್ಬರು ಇಲ್ಲ ಅಂತಾರೆ, ಒಬ್ಬರು ಇರಬಹುದು ಅಂತಾರೆ. ಇದನ್ನು ಗಟ್ಟಿಯಾಗಿ ಕಂಡುಹಿಡಿಯುವುದು ಹೇಗೆ? ಯಾರಿಗಾದರೂ ಅನುಭವ ಇದ್ದರೆ ಹೇಳಿ. ಅಪ್ಪ ಮಾತು ಕಮ್ಮಿ ಮಾಡಿದ್ದಾರೆ. ಅದೇ ನಮಗೆ ಜಾಸ್ತಿ ಸಂಕಟ.

ಬಳ್ಳಾರಿ ಕೋಟೆ

ತಂಗಿ, ಗಾಬರಿ ಆಗಬೇಡಿ. 60 ದಾಟಿದ ಮೇಲೆ ದನಿ ಇಳಿಯುವುದು ಸಹಜ. ನಮ್ಮ ಮಾವನೂ ಭಜನೆ ಬಿಟ್ಟರು. ವಯಸ್ಸಿಗೆ ಟೆಸ್ಟ್ ಏನಿದೆ?

ತುಂಗಭದ್ರಾ ದಡ

ಜೇಷ್ಠಮಧು, ಕಲ್ಲುಸಕ್ಕರೆ ಬಾಯಲ್ಲಿ ಇಟ್ಟುಕೊಳ್ಳಲಿ. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲಿ. ನಮ್ಮ ಊರಲ್ಲಿ ಹಾಡುವವರೆಲ್ಲ ಇದನ್ನೇ ಮಾಡುತ್ತಾರೆ.

ಮೈಸೂರಲ್ಲಿ ಓದಿದವಳು, ರಾಯಚೂರು

ನಾನು ಸ್ಪೀಚ್ ಥೆರಪಿಸ್ಟ್. ದನಿಯ ತೊಂದರೆ ಇರುವವರನ್ನೇ ದಿನಾ ನೋಡುತ್ತೇನೆ. ಕೋಟೆ ಅಣ್ಣನ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ವಯಸ್ಸಾದಾಗ ತಂತು ತೆಳ್ಳಗಾಗಿ ಬಿಲ್ಲಿನ ಹಾಗೆ ಬಾಗುವುದು ನಿಜ. ಆದರೆ ಅದು ಸಾಮಾನ್ಯವಾಗಿ ಎರಡೂ ಕಡೆ ಆಗುತ್ತದೆ, ವರ್ಷಗಟ್ಟಲೆ ನಿಧಾನವಾಗಿ ಆಗುತ್ತದೆ. ಜ್ವರ ಬಂದ ವಾರದಲ್ಲಿ ದನಿ ಬಿದ್ದರೆ ಅದು ವಯಸ್ಸಲ್ಲ.

ಈಗ ವಿಷಯಕ್ಕೆ ಬರೋಣ. ಧ್ವನಿಪೆಟ್ಟಿಗೆಯೊಳಗೆ ಎರಡು ತಂತುಗಳಿವೆ. ಉಸಿರಾಡುವಾಗ ಬಾಗಿಲಿನ ಎರಡು ಕದದ ಹಾಗೆ ತೆರೆದಿರುತ್ತವೆ, ಮಾತಾಡುವಾಗ ಮುಚ್ಚಿಕೊಂಡು ನಡುಗುತ್ತವೆ. ಕದ ಪೂರ್ತಿ ನಿಂತು ಹೋದರೆ ಪ್ಯಾರಾಲಿಸಿಸ್. ಅದನ್ನು ಕನ್ನಡಿಯಲ್ಲೇ ಹಿಡಿಯಬಹುದು. ಕದ ಆಡುತ್ತದೆ ಆದರೆ ಬಲ ಸಾಲದು, ಅದು ಪ್ಯಾರೆಸಿಸ್. ಇಲ್ಲಿ ‘ಆಡುತ್ತಿದೆ’ ಅನ್ನುವುದು ಸುಳ್ಳಲ್ಲ. ಎಷ್ಟು ಬಲದಿಂದ, ಎಷ್ಟು ಹೊತ್ತು ಆಡುತ್ತದೆ ಅಂತ ಯಾರೂ ನೋಡಿಲ್ಲ, ಅಷ್ಟೇ. ಹತ್ತು ಸೆಕೆಂಡು ಕನ್ನಡಿ ಹಾಕಿ ‘ಈ’ ಅನ್ನಿಸಿದರೆ, ವೀಕ್ ಇರುವ ತಂತು ಕೂಡ ಆ ಹತ್ತು ಸೆಕೆಂಡು ಚೆನ್ನಾಗಿಯೇ ಕೆಲಸ ಮಾಡಬಹುದು.

ನಿಮ್ಮ ಅಪ್ಪನ ಲಕ್ಷಣ ನೋಡಿ: ಬಳಸಿದಷ್ಟೂ ಸೋಲುತ್ತದೆ, ಮೇಲಿನ ಸ್ವರ ಹೋಗಿದೆ, ಉಸಿರು ಸೋರುತ್ತದೆ, ನೀರಿಗೆ ಕೆಮ್ಮು. ಕತೆ ಕೇಳಿದರೇ ಅರ್ಧ ಅನುಮಾನ ಬರಬೇಕು. ಸ್ಟ್ರೋಬೋ ಮಾಡಿಸಿ. ಸರಿಯಾದ ಸಲಹೆ ಕೊಟ್ಟಿದ್ದಾರೆ.

ಸಿರುಗುಪ್ಪದ ಮಗಳು

ಅಕ್ಕಾ, ತುಂಬಾ ಥ್ಯಾಂಕ್ಸ್. ಕದದ ಮಾತು ಅಪ್ಪನಿಗೂ ಓದಿ ಹೇಳಿದೆ, ತಲೆ ಆಡಿಸಿದರು. ಸ್ಟ್ರೋಬೋ ಅಂದರೆ ಏನು? ನೋವಾಗುತ್ತದಾ?

ಗಂಗಾವತಿ ಮೆಡಿಕಲ್

ನಮ್ಮ ಅಂಗಡಿಗೆ ದಿನಾ ಇಂಥ ಚೀಟಿ ಬರುತ್ತವೆ. ದನಿ ಕೂತರೆ ಆ್ಯಸಿಡಿಟಿ ಗುಳಿಗೆ. ಮಿರ್ಚಿ ಮಂಡಕ್ಕಿ ಊರು ನಮ್ಮದು, ಆ್ಯಸಿಡಿಟಿ ಇಲ್ಲದವರು ಯಾರು? ಅದಕ್ಕೇ ಎಲ್ಲವನ್ನೂ ಅದರ ಮೇಲೆ ಹಾಕಿಬಿಡುವುದು ಸುಲಭ. ಗುಳಿಗೆ ಮಾರುವವನಾಗಿಯೇ ಹೇಳುತ್ತೇನೆ, ಗಂಟಲು ನೋಡದೆ ತಿಂಗಳುಗಟ್ಟಲೆ ತಿನ್ನುವುದು ಸರಿ ಅಲ್ಲ.

ಇಎನ್‌ಟಿ ಪಿಜಿ ಹುಡುಗ

ಸ್ಟ್ರೋಬೋ ಬಗ್ಗೆ ನಾನು ಹೇಳುತ್ತೇನೆ.

ಗಂಡಸರ ತಂತು ಮಾತಾಡುವಾಗ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರದ್ದು 200 ಸಲದ ಆಸುಪಾಸು ನಡುಗುತ್ತದೆ. ಬರಿಗಣ್ಣಿಗೆ ಅದು ಬರೀ ಮಸುಕು. ಕತ್ತಿನ ಹತ್ತಿರ ಇಟ್ಟ ಮೈಕು ದನಿಯ ವೇಗ ಹಿಡಿಯುತ್ತದೆ. ದೀಪ ಆ ವೇಗಕ್ಕಿಂತ ಸ್ವಲ್ಪವೇ ಹೆಚ್ಚು ಕಮ್ಮಿಯಾಗಿ ಮಿನುಗುತ್ತದೆ. ಹಳೇ ಸಿನಿಮಾದಲ್ಲಿ ಗಾಡಿ ಓಡುತ್ತಿದ್ದರೂ ಚಕ್ರ ನಿಧಾನಕ್ಕೆ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದಲ್ಲ, ಅದೇ ಲೆಕ್ಕ. ತಂತು ನೀರಿನ ಅಲೆ ಹಾಗೆ ನಿಧಾನಕ್ಕೆ ಏಳುವುದು, ಬೀಳುವುದು ಕಾಣುತ್ತದೆ. ಒಂದು ಕಡೆಯ ಅಲೆ ದೊಡ್ಡದು, ಇನ್ನೊಂದು ಕಡೆ ಸಣ್ಣದು, ಅಥವಾ ಒಂದು ಮುಂದೆ, ಒಂದು ಹಿಂದೆ ಇದ್ದರೆ ಅನುಮಾನ. ಮುಚ್ಚಿದಾಗ ನಡುವೆ ಸಂದಿ ಉಳಿದರೆ ಇನ್ನೂ ಅನುಮಾನ.

ನೋವು ಇಲ್ಲ. ಬಾಯಿಂದ ಹಾಕುವ ಗಟ್ಟಿ ದುರ್ಬೀನು (ಎಂಡೋಸ್ಕೋಪ್) ಒಂದು, ಮೂಗಿನಿಂದ ಹಾಕುವ ಬಳುಕುವ ದುರ್ಬೀನು ಒಂದು. ಕಹಿ ಸ್ಪ್ರೇ ಹೊಡೆದು ಮರಗಟ್ಟಿಸುತ್ತಾರೆ. ಅದರ ಜೋಮು ಇಳಿಯುವವರೆಗೆ ಏನೂ ತಿನ್ನಬಾರದು, ಕುಡಿಯಬಾರದು.

ಆದರೆ ಪ್ಯಾರೆಸಿಸ್ ಗಟ್ಟಿಯಾಗಿ ಹೇಳಬೇಕು ಅಂದರೆ ಇಎಂಜಿ ಬೇಕು. ಗಂಟಲಿನ ಸ್ನಾಯುವಿಗೆ ಸೂಜಿ ಹಾಕಿ, ನರದ ಅಪ್ಪಣೆಗೆ ಅದರಲ್ಲಿ ಏಳುವ ಕರೆಂಟ್ ನೋಡುವುದು. ಅದು ಮಾಡಿಸಿದರೆ ಮುಗಿಯಿತು.

ಮೈಸೂರಲ್ಲಿ ಓದಿದವಳು, ರಾಯಚೂರು

ಡಾಕ್ಟ್ರೇ, ಸ್ಟ್ರೋಬೋ ಚೆನ್ನಾಗಿ ಹೇಳಿದಿರಿ. ಎರಡು ಮಾತು ಸೇರಿಸುತ್ತೇನೆ, ಒಂದು ಕಡೆ ಒಪ್ಪುವುದಿಲ್ಲ.

ಬಾಯಿಂದ ಹಾಕುವಾಗ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ಎಳೆದಿರುತ್ತಾರೆ. ಆಗ ‘ಈ’ ಬಿಟ್ಟು ಬೇರೇನೂ ಅನ್ನಲು ಆಗುವುದಿಲ್ಲ. ಚಿತ್ರ ಮಾತ್ರ ತುಂಬಾ ಸ್ಪಷ್ಟ. ಮೂಗಿನಿಂದ ಹಾಕಿದರೆ ಮಾತಾಡಬಹುದು, ಹಾಡಬಹುದು. ಹಾಡುವವರಿಗೆ ಎರಡೂ ಮಾಡಿಸಿ ಅಂತ ಕೇಳಿ. ಮತ್ತೆ ದನಿ ತೀರಾ ಒಡೆದಿದ್ದರೆ ಮೈಕಿಗೆ ವೇಗವೇ ಸಿಗುವುದಿಲ್ಲ, ಆಗ ಸ್ಟ್ರೋಬೋ ಚಿತ್ರ ನಂಬುವ ಹಾಗಿಲ್ಲ.

ಇನ್ನು ಇಎಂಜಿ. ‘ಮಾಡಿಸಿದರೆ ಮುಗಿಯಿತು’ ಅನ್ನಬೇಡಿ. ಸೂಜಿ ಸರಿಯಾದ ಸ್ನಾಯುವಿಗೆ ಹೋಗಬೇಕು, ಓದುವವರಿಗೆ ಪಳಗಿದ ಕಣ್ಣು, ಕಿವಿ ಬೇಕು. ಅದಕ್ಕೂ ಅಳತೆಯ ಒಂದೇ ಗೆರೆ ಇಲ್ಲ. ಸ್ಟ್ರೋಬೋ ವಿಡಿಯೋ ಕೂಡ ಅಷ್ಟೇ. ಒಂದೇ ವಿಡಿಯೋವನ್ನು ನಾಲ್ಕು ಜನ ಅನುಭವಸ್ಥರಿಗೆ ತೋರಿಸಿದರೆ, ಯಾವ ಕಡೆ ವೀಕ್ ಅನ್ನುವುದರಲ್ಲೇ ಎಷ್ಟೋ ಸಲ ಒಮ್ಮತ ಬರುವುದಿಲ್ಲ. ಇದು ಈ ಕಾಯಿಲೆಯ ಸ್ವಭಾವ. ಕತೆ, ಕಿವಿಗೆ ಕೇಳುವ ದನಿ, ವಿಡಿಯೋ, ಬೇಕಾದರೆ ಸೂಜಿ, ಎಲ್ಲ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ಗಟ್ಟಿ.

ಇಎನ್‌ಟಿ ಪಿಜಿ ಹುಡುಗ

ಮೇಡಂ, ಅದು ಒಪ್ಪುತ್ತೇನೆ. ‘ಮುಗಿಯಿತು’ ಅಂದದ್ದು ಜಾಸ್ತಿ ಆಯಿತು. ಆದರೂ ಒಂದು ಮಾತು ಬಿಡುವುದಿಲ್ಲ. ಕೀಲು ಸಿಕ್ಕಿಕೊಂಡು ತಂತು ಆಡದೆ ಇರುವುದು ಬೇರೆ, ನರ ವೀಕ್ ಆಗಿ ಆಡದೆ ಇರುವುದು ಬೇರೆ. ಹೊರಗಿಂದ ನೋಡಿದರೆ ಎರಡೂ ಒಂದೇ ಥರ. ಸೂಜಿ ಹಾಕಿದರೆ ಗೊತ್ತಾಗುತ್ತದೆ. ನರ ಚಿಗುರುತ್ತಿದೆಯಾ ಅನ್ನುವುದೂ ಅದರಲ್ಲೇ ಕಾಣುತ್ತದೆ. ಮಾಡಿಸುವುದಾದರೆ ದನಿ ಹೋಗಿ ಸುಮಾರು ಒಂದು ತಿಂಗಳಾದ ಮೇಲೆ, ಆರು ತಿಂಗಳೊಳಗೆ ಒಳ್ಳೆಯದು. ಇವರಿಗೆ ಈಗ ಮೂರೂವರೆ ತಿಂಗಳು. ತಡ ಮಾಡಬಾರದು.

ಮೈಸೂರಲ್ಲಿ ಓದಿದವಳು, ರಾಯಚೂರು

ಇದು ಒಪ್ಪಿದೆ.

ಕೊಪ್ಪಳ ಟೀಚರಮ್ಮ

ನನ್ನದು ಬೇರೆ ಥರ, ಆದರೆ ‘ಏನೂ ಇಲ್ಲ’ ಅನ್ನಿಸಿಕೊಂಡ ಕತೆ ಒಂದೇ. ಐದು ವರ್ಷದ ಹಿಂದೆ ನನಗೆ ಥೈರಾಯ್ಡ್ ಗಡ್ಡೆ ಆಪರೇಷನ್ ಆಯಿತು. ಮಾತು ಸರಿಯಾಗಿಯೇ ಇತ್ತು. ಮನೆಯವರಿಗೂ ಫರಕು ಗೊತ್ತಾಗಲಿಲ್ಲ. ಶಾಲೆಗೆ ಹೋದ ಮೊದಲ ದಿನ ಮೈದಾನದಲ್ಲಿ ಮಕ್ಕಳನ್ನು ಕೂಗಬೇಕಿತ್ತು. ದನಿ ಮೇಲೇಳಲೇ ಇಲ್ಲ. ಪ್ರಾರ್ಥನೆಗೆ ನಿಂತರೆ ನಾಡಗೀತೆಯಲ್ಲಿ ದನಿ ಏರುವ ಕಡೆ ನಾನು ಸುಮ್ನೆ ತುಟಿ ಆಡಿಸುತ್ತಿದ್ದೆ. ಮಕ್ಕಳು ನನ್ನ ಮುಖ ನೋಡುತ್ತಿದ್ದವು.

ಎರಡು ಕಡೆ ದುರ್ಬೀನು ಹಾಕಿ ನೋಡಿದರು. ತೆರೆಯುತ್ತದೆ, ಮುಚ್ಚುತ್ತದೆ, ನಾರ್ಮಲ್ ಅಂದರು. ಮೂರನೆಯವರು ಒಬ್ಬರು ಡಾಕ್ಟರಮ್ಮ. ದುರ್ಬೀನು ಒಳಗಿದ್ದಾಗಲೇ, ‘ಕೆಳಗಿನ ದನಿಯಿಂದ ಮೇಲಿನವರೆಗೆ ಸೈರನ್ ಹಾಗೆ ಎಳೆಯಿರಿ’ ಅಂದರು. ಅಲ್ಲಿ ಸಿಕ್ಕಿತು. ಮೇಲೆ ಹೋಗುವಾಗ ತಂತು ಉದ್ದ ಆಗಿ ಬಿಗಿಯಬೇಕು, ನನ್ನದು ಒಂದು ಕಡೆ ಸಡಿಲಾಗಿಯೇ ಉಳಿಯುತ್ತಿತ್ತು. ಆ ಬಿಗಿಯುವ ಕೆಲಸಕ್ಕೆ ಒಂದು ಬೇರೆಯೇ ನರ ಇದೆಯಂತೆ. ಥೈರಾಯ್ಡಿನ ಮೇಲ್ತುದಿಯ ರಕ್ತನಾಳಕ್ಕೆ ಅಂಟಿಕೊಂಡ ಹಾಗೆ ಹೋಗುತ್ತದೆ. ಅದಕ್ಕೆ ಪೆಟ್ಟಾದರೆ ತೆರೆಯುವುದು, ಮುಚ್ಚುವುದು ಹಾಗೇ ಇರುತ್ತದೆ, ಏರುವ ದನಿ ಮಾತ್ರ ಹೋಗುತ್ತದೆ. ನನಗೆ ಅವತ್ತು ಅಳು ಬಂತು. ಕಾಯಿಲೆ ಇದೆ ಅಂತ ಹೇಳಿದ್ದಕ್ಕೆ ಅಲ್ಲ, ನಾನು ಹೇಳಿದ್ದು ಸುಳ್ಳಲ್ಲ ಅಂತ ಒಬ್ಬರಾದರೂ ಹೇಳಿದರಲ್ಲ ಅಂತ.

ಆದ್ದರಿಂದ ತಂಗಿ, ಅಪ್ಪನಿಗೆ ಎಲ್ಲಿ ದನಿ ಕೈಕೊಡುತ್ತದೋ ಅದೇ ಜಾಗ ಡಾಕ್ಟರ ಮುಂದೆ ಹಾಡಿಸಿ. ‘ಈ’ ಅಂದು ಬಂದುಬಿಡಬೇಡಿ.

ಬಳ್ಳಾರಿ ಕೋಟೆ

ಟೀಚರ್, ಓದಿ ಬೇಜಾರಾಯಿತು. ನಾನು ಮೇಲೆ ವಯಸ್ಸು ಅಂತ ಅಂದದ್ದು ಅವಸರದ ಮಾತು. ವಾಪಸ್ ತಗೊಳ್ಳುತ್ತೇನೆ. ಈಗ ದನಿ ಹೇಗಿದೆ?

ಕೊಪ್ಪಳ ಟೀಚರಮ್ಮ

ಮುಕ್ಕಾಲು ಪಾಲು ಬಂದಿದೆ ಅಣ್ಣಾ. ಮೈದಾನಕ್ಕೆ ಸೀಟಿ ಇಟ್ಟುಕೊಂಡಿದ್ದೇನೆ.

ಸಿಂಧನೂರು ಕಂಡಕ್ಟರ್

ಎಲ್ಲರೂ ಗಂಟಲು ಗಂಟಲು ಅನ್ನುತ್ತಿದ್ದೀರಿ. ಎದೆ ನೋಡಿಸಿ ಅಂತ ಯಾರೂ ಹೇಳಲಿಲ್ಲ.

ನಮ್ಮ ಅವ್ವನಿಗೆ ದನಿ ಕೀರಲಾಯಿತು. ಆರು ತಿಂಗಳು ಕಷಾಯ, ಗುಳಿಗೆ. ಕೊನೆಗೆ ನೋಡಿದರೆ ಎಡಗಡೆ ತಂತು ಆಡುತ್ತಿರಲಿಲ್ಲ. ಕಾರಣ ಗಂಟಲಲ್ಲಿ ಇರಲೇ ಇಲ್ಲ. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೃದಯದ ವಾಲ್ವ್ ಕಿರಿದಾಗಿತ್ತು. ಅದರಿಂದ ಹೃದಯದ ಒಂದು ಕೋಣೆ ಉಬ್ಬಿ ನರ ಒತ್ತಿತ್ತು. ಇದನ್ನು 1897ರಲ್ಲೇ ಓರ್ಟ್ನರ್ ಅನ್ನುವ ಡಾಕ್ಟರು ಬರೆದಿಟ್ಟಿದ್ದಾರೆ ಅಂತ ಹಾರ್ಟ್ ಡಾಕ್ಟರು ಹೇಳಿದರು. ದನಿ ಕೆಟ್ಟದ್ದೇ ನಮ್ಮ ಅವ್ವನ ಜೀವ ಉಳಿಸಿತು ಅಂತ ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ.

ಕಾರಟಗಿ ಮಿಲ್

ಗಂಟಲಿನ ನರಕ್ಕೂ ಎದೆಗೂ ಏನು ಸಂಬಂಧ ಸರ್?

ಇಎನ್‌ಟಿ ಪಿಜಿ ಹುಡುಗ

ಒಳ್ಳೆಯ ಪ್ರಶ್ನೆ. ಮೆದುಳಿನಿಂದ ಇಳಿಯುವ ನರ ನೇರವಾಗಿ ಗಂಟಲಿಗೆ ಹೋಗುವುದಿಲ್ಲ. ಎಡಗಡೆಯದ್ದು ಗಂಟಲು ದಾಟಿ ಎದೆಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಕಮಾನಿನ ಕೆಳಗೆ ಸುತ್ತು ಹಾಕಿ, ಮತ್ತೆ ಮೇಲಕ್ಕೆ ಬಂದು ಧ್ವನಿಪೆಟ್ಟಿಗೆ ಸೇರುತ್ತದೆ. ಬಲಗಡೆಯದ್ದು ಭುಜಕ್ಕೆ ಹೋಗುವ ರಕ್ತನಾಳವನ್ನು ಸುತ್ತಿ ಬೇಗ ಮೇಲೇರುತ್ತದೆ. ಎಡಗಡೆ ದಾರಿ ಉದ್ದ, ಅದಕ್ಕೇ ಅಪಾಯ ಜಾಸ್ತಿ. ಶ್ವಾಸಕೋಶದ ಗಡ್ಡೆ, ಟಿಬಿ ಗಂಟು, ಹೃದಯದ ತೊಂದರೆ, ಯಾವುದು ಒತ್ತಿದರೂ ದನಿಯಲ್ಲಿ ಕಾಣುತ್ತದೆ. ಹಾಗಾಗಿ ಕಾರಣ ಗೊತ್ತಿಲ್ಲದೆ ತಂತು ನಿಂತರೆ ತಲೆಬುರುಡೆಯ ತಳದಿಂದ ಎದೆಯವರೆಗೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಮೈಸೂರಲ್ಲಿ ಓದಿದವಳು, ರಾಯಚೂರು

ಅರೆಬರೆ ವೀಕ್ ಇದ್ದಾಗ ಸ್ಕ್ಯಾನ್ ಎಲ್ಲರಿಗೂ ಬೇಕಾ ಅನ್ನುವುದರಲ್ಲಿ ಡಾಕ್ಟರುಗಳೇ ಬೇರೆ ಬೇರೆ ಹೇಳುತ್ತಾರೆ. ಬೀಡಿ ಸೇದುವವರು, ತೂಕ ಇಳಿದವರು, ಕೆಮ್ಮಿನಲ್ಲಿ ರಕ್ತ ಬಂದವರಿಗೆ ಮಾತ್ರ ಎರಡು ಮಾತಿಲ್ಲ, ಬೇಗ ಮಾಡಿಸಬೇಕು. ಮಾಸ್ತರು ಬೀಡಿ ಸೇದುತ್ತಾರಾ ತಂಗಿ?

ಸಿರುಗುಪ್ಪದ ಮಗಳು

ಸೇದುತ್ತಿದ್ದರು ಅಕ್ಕಾ. ಬಿಟ್ಟು ಎಂಟು ವರ್ಷ ಆಯಿತು. ಆಟದ ಊರಲ್ಲಿ ರಾತ್ರಿ ನಿದ್ದೆಗೆಡುವಾಗ ಎಲ್ಲರ ಕೈಯಲ್ಲೂ ಬೀಡಿ ಇರುತ್ತಿತ್ತು.

ಮೈಸೂರಲ್ಲಿ ಓದಿದವಳು, ರಾಯಚೂರು

ಹಾಗಾದರೆ ಸ್ಕ್ಯಾನ್ ಬಗ್ಗೆ ನೀವೇ ಕೇಳಿ. ಹೊರಡುವ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ. ಮಾಸ್ತರು ದೊಡ್ಡ ಉಸಿರು ತಗೊಂಡು ‘ಆ’ ಅಂತ ಎಳೆಯಲಿ, ನೀವು ಗಡಿಯಾರ ಹಿಡಿಯಿರಿ. ಮೂರು ಸಲ ಮಾಡಿಸಿ ಹೆಚ್ಚಿನದ್ದು ಬರೆದುಕೊಳ್ಳಿ. ದೊಡ್ಡವರಿಗೆ 15 ಸೆಕೆಂಡು ದಾಟಬೇಕು, ಹಾಡುವವರಿಗೆ ಇನ್ನೂ ಜಾಸ್ತಿ. 10ಕ್ಕಿಂತ ಕಮ್ಮಿ ಇದ್ದರೆ ಗಾಳಿ ಸೋರುತ್ತಿದೆ ಅಂತ ಅನುಮಾನ. ಆಮೇಲೆ ಹಾವಿನ ಹಾಗೆ ‘ಸ್ಸ್’, ಜೇನಿನ ಹಾಗೆ ‘ಝ್ಝ್’. ಎರಡೂ ಹೆಚ್ಚು ಕಮ್ಮಿ ಸಮ ಇರಬೇಕು. ‘ಸ್ಸ್’ ಉದ್ದ, ‘ಝ್ಝ್’ ಗಿಡ್ಡ ಬಂದರೆ ಶ್ವಾಸಕೋಶ ಸರಿ ಇದೆ, ತಂತು ಸರಿಯಾಗಿ ಮುಚ್ಚುತ್ತಿಲ್ಲ ಅಂತ. ಇದರಿಂದಲೇ ಕಾಯಿಲೆ ಗೊತ್ತಾಗುವುದಿಲ್ಲ. ಆದರೆ ಡಾಕ್ಟರ ಕೈಗೆ ಒಂದು ಲೆಕ್ಕ ಸಿಗುತ್ತದೆ.

ದನಿ ಚೆನ್ನಾಗಿದ್ದಾಗಿನ ಹಳೇ ರೆಕಾರ್ಡಿಂಗ್ ಇದ್ದರೆ ಮೊಬೈಲಲ್ಲಿ ಒಯ್ಯಿರಿ. ಅದು ತುಂಬಾ ಉಪಯೋಗ.

ಸಿರುಗುಪ್ಪದ ಮಗಳು

ಈಗಲೇ ಮಾಡಿಸಿದೆ. ‘ಆ’ 7 ಸೆಕೆಂಡು. ‘ಸ್ಸ್’ 16, ‘ಝ್ಝ್’ 8. ಅಪ್ಪ ಮೂರನೇ ಸಲ ಮಾಡಿ ಗಡಿಯಾರದ ಕಡೆ ನೋಡಿದರು. ಏನೂ ಅನ್ನಲಿಲ್ಲ.

ಹಳೇ ರೆಕಾರ್ಡಿಂಗ್ ಇದೆ. ಹೋದ ವರ್ಷ ಆಟದ ದಿನ ಯಾರೋ ಹಿಡಿದದ್ದು.

ಹಾರ್ಮೋನಿಯಂ ಪ್ರೇಮಿ

ಮಾಸ್ತರು ಇನ್ನೂ ಬಿಳಿ ನಾಲ್ಕರಲ್ಲಿ ಹಾಡಿಸುತ್ತಾರಾ! ನಮ್ಮ ಕಡೆ ಈಗ ಎಲ್ಲ ಇಳಿಸಿಬಿಟ್ಟಿದ್ದಾರೆ. ಮೈಕು ಇಲ್ಲದ ಕಾಲದಲ್ಲಿ ಕಡೇ ಸಾಲಿನವರಿಗೂ ಕೇಳಲಿ ಅಂತ ಅಷ್ಟು ಮೇಲೆ ಇಡುತ್ತಿದ್ದರು. ದರೋಜಿ ಈರಮ್ಮನವರ ಬುರ್ರಕಥೆ ಕೇಳಿದವರಿಗೆ ಗೊತ್ತು, ಎಂಥ ದನಿ ಅದು.

ತುಂಗಭದ್ರಾ ದಡ

ಈರಮ್ಮನವರನ್ನು ನಾನು ಒಮ್ಮೆ ಕೇಳಿದ್ದೇನೆ. ಕೈಯಲ್ಲಿ ತಂಬೂರಿ, ಮುಖದ ತುಂಬ ಕತೆ. ಬೆಳಕು ಹರಿದದ್ದೇ ಗೊತ್ತಾಗಲಿಲ್ಲ.

ಹಾರ್ಮೋನಿಯಂ ಪ್ರೇಮಿ

ಇನ್ನೊಂದು ಮಾತು, ಮಾಸ್ತರಿಗೆ ಹೇಳಿ, ಖುಷಿ ಪಡುತ್ತಾರೆ. ಬದುಕಿರುವ ಮನುಷ್ಯನ ಧ್ವನಿ ತಂತು ಹಾಡುವಾಗ ಹೇಗೆ ಆಡುತ್ತದೆ ಅಂತ ನೋಡಿ ಜಗತ್ತಿಗೆ ತಿಳಿಸಿದವರು ಡಾಕ್ಟರಲ್ಲ, ಒಬ್ಬ ಸಂಗೀತ ಮಾಸ್ತರು. ಮಾನುಯೆಲ್ ಗಾರ್ಸಿಯಾ ಅಂತ, ಸ್ಪೇನ್ ಮೂಲದವರು. 1854ರಲ್ಲಿ ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿಯನ್ನು ಗಂಟಲಿಗೆ ಹಿಡಿದು, ಇನ್ನೊಂದು ಕನ್ನಡಿಯಿಂದ ಬಿಸಿಲು ಒಳಗೆ ಬಿಟ್ಟು, ತಮ್ಮದೇ ತಂತು ತಾವೇ ನೋಡಿದರು. ನೂರು ವರ್ಷ ದಾಟಿ ಬದುಕಿದರು. ಅವರು ತೋರಿಸಿದ ದಾರಿಯಲ್ಲೇ ಇವತ್ತಿನ ದುರ್ಬೀನೂ ನಡೆದಿದೆ.

ಬಳ್ಳಾರಿ ಕೋಟೆ

ನಮ್ಮ ಬಿಸಿಲಿಗೆ ಕನ್ನಡಿ ಹಿಡಿದರೆ ಹೊಟ್ಟೆಯವರೆಗೂ ಕಾಣುತ್ತದೆ!

ಕಾರಟಗಿ ಮಿಲ್

ಎಲ್ಲಿ ಮಾಡಿಸುವುದು ಅಂತ ಯಾರಾದರೂ ಹೇಳಿ. ನಮ್ಮ ಮಿಲ್ಲಿನಲ್ಲೂ ತೌಡಿನ ಧೂಳಿಗೆ ಇಬ್ಬರಿಗೆ ದನಿ ಕೂತಿದೆ.

ಇಎನ್‌ಟಿ ಪಿಜಿ ಹುಡುಗ

ಮೊದಲು ಹತ್ತಿರದ ಮೆಡಿಕಲ್ ಕಾಲೇಜು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಕಾಲೇಜು ಇದೆ, ಮೂರರಲ್ಲೂ ಇಎನ್‌ಟಿ ವಿಭಾಗ ಇದೆ. ದುರ್ಬೀನು ಪರೀಕ್ಷೆ ಅಲ್ಲೇ ಆಗುತ್ತದೆ. ಸ್ಟ್ರೋಬೋ, ಗಂಟಲಿನ ಇಎಂಜಿ ಎಲ್ಲ ಕಡೆ ಇರುವುದಿಲ್ಲ. ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಕೈಕಾಲಿನ ಇಎಂಜಿ ಮಾಡುವವರೆಲ್ಲ ಗಂಟಲಿನದ್ದು ಮಾಡುವುದಿಲ್ಲ.

ಧೂಳಿನ ದನಿ ಕೆಲವು ದಿನದಲ್ಲಿ ಸರಿ ಹೋಗಬೇಕು. ನಾಲ್ಕು ವಾರ ದಾಟಿದರೆ ದುರ್ಬೀನು ಹಾಕಿಸಲೇಬೇಕು.

ಮೈಸೂರಲ್ಲಿ ಓದಿದವಳು, ರಾಯಚೂರು

ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ. ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ ನೇರ ಹೋಗುತ್ತದೆ. ಬೆಂಗಳೂರಿನಲ್ಲೂ ದನಿಗೇ ಅಂತ ಡಾಕ್ಟರುಗಳಿದ್ದಾರೆ.

ಸಿಂಧನೂರು ಕಂಡಕ್ಟರ್

ತಂಗಿ, ಏನಾಯಿತು ಅಂತ ಬಂದು ಹೇಳಬೇಕು. ಕಾಯುತ್ತಿರುತ್ತೇವೆ.

ಸಿರುಗುಪ್ಪದ ಮಗಳು (ಮೂರು ವಾರದ ನಂತರ)

ಬೆಂಗಳೂರಿಗೆ ಎರಡು ಸಲ ಹೋಗಿ ಬಂದೆವು. ನೀವೆಲ್ಲ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅದಕ್ಕೇ ಪೂರ್ತಿ ಬರೆಯುತ್ತೇನೆ.

ಡಾಕ್ಟರು ಮೊದಲು ಹಳೇ ರೆಕಾರ್ಡಿಂಗ್ ಕೇಳಿದರು. ಎರಡು ಸಲ ಕೇಳಿದರು. ಆಮೇಲೆ ಅಪ್ಪನನ್ನು ಮಾತಾಡಿಸಿದರು. ಮೂಗಿನಿಂದ ಸಣ್ಣ ದುರ್ಬೀನು ಬಿಟ್ಟು ನಮ್ಮ ಎದುರಿನ ಟಿವಿಯಲ್ಲಿ ತೋರಿಸಿದರು. ಎರಡು ಬಿಳಿ ಪಟ್ಟಿ, ಮುತ್ತಿನ ಬಣ್ಣ. ಅಪ್ಪನ ಅಷ್ಟು ದೊಡ್ಡ ದನಿ ಬರುತ್ತಿದ್ದದ್ದು ಇಷ್ಟು ಸಣ್ಣ ಪಟ್ಟಿಯಿಂದಲಾ ಅನಿಸಿತು. ‘ಈ’ ಅನ್ನಿಸಿದರು. ಎರಡೂ ಕೂಡಿದವು. ನನಗೆ ಎದೆ ಧಸಕ್ ಅಂತು. ಮತ್ತೆ ‘ಏನೂ ಇಲ್ಲ’ ಅಂದುಬಿಡುತ್ತಾರೆ ಅಂತ.

ಅವರು ಹಾಗೆ ಅನ್ನಲಿಲ್ಲ. ‘ಮಾಸ್ತರೇ, ಹೊರಗೆ ಹೋಗಿ ಇಪ್ಪತ್ತು ನಿಮಿಷ ಹಾಡಿ ಬನ್ನಿ’ ಅಂದರು. ಅಪ್ಪ ಹೊರಗಿನ ಕಾರಿಡಾರಿನಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತು, ತೊಡೆ ಮೇಲೆ ತಾಳ ಹಾಕಿಕೊಂಡು ಹಾಡಿದರು. ಮೊದಲು ನಾಚಿಕೊಂಡರು, ಆಮೇಲೆ ಮರೆತರು. ಕಾಯುತ್ತಿದ್ದವರೆಲ್ಲ ಸುಮ್ಮನಾಗಿ ಕೇಳಿದರು. ಹದಿನೈದು ನಿಮಿಷಕ್ಕೆ ದನಿ ಬಿತ್ತು.

ಮತ್ತೆ ಒಳಗೆ ಕರೆದರು. ಈ ಸಲ ‘ಈ’ ಅನ್ನುವುದು, ಮೂಗಿನಿಂದ ಜೋರಾಗಿ ಉಸಿರೆಳೆಯುವುದು, ಮತ್ತೆ ‘ಈ’, ಮತ್ತೆ ಉಸಿರು. ಹತ್ತು ಹನ್ನೆರಡು ಸಲ ಬಿಡದೆ ಮಾಡಿಸಿದರು. ಐದಾರನೇ ಸಲಕ್ಕೆ ನನ್ನ ಕಣ್ಣಿಗೇ ಕಾಣಿಸಿತು. ಬಲಗಡೆ ಪಟ್ಟಿ ಟಕ್ ಅಂತ ಹೋಗಿ ಬರುತ್ತಿತ್ತು. ಎಡಗಡೆಯದ್ದು ಸುಸ್ತಾದ ಎತ್ತಿನ ಹಾಗೆ ಒಂದು ಹೆಜ್ಜೆ ಹಿಂದೆ. ಅದೇ ಗಂಟಲು, ಅದೇ ದುರ್ಬೀನು. ಸುಸ್ತು ಮಾಡಿ ನೋಡಿದ್ದಷ್ಟೇ ಬೇರೆ.

ಆಮೇಲೆ ಬಾಯಿಂದ ಸ್ಟ್ರೋಬೋ. ಎಡಗಡೆ ಅಲೆ ಜೋತುಬಿದ್ದ ಹಾಗೆ ಇತ್ತು, ನಡುವೆ ಸಣ್ಣ ಸಂದಿ ಉಳಿಯುತ್ತಿತ್ತು. ಮೊದಲು ಆ ಸಂದಿ ಯಾಕೆ ಕಾಣಲಿಲ್ಲ ಅಂದರೆ, ಅಪ್ಪ ಗೊತ್ತಿಲ್ಲದೇ ಮೇಲಿನ ಮಾಂಸದ ಮಡಿಕೆಗಳನ್ನು ಬಿಗಿ ಹಿಡಿದು ಅದನ್ನು ಮುಚ್ಚಿಕೊಳ್ಳುತ್ತಿದ್ದರಂತೆ. ಅಲ್ಲಿನ ಥೆರಪಿಸ್ಟ್ ಮೇಡಂ ಮೆಲ್ಲಗೆ ‘ಮ್‌ಮ್’ ಅನ್ನಿಸಿ ಆ ಬಿಗಿ ಬಿಡಿಸಿದರು. ಆಗ ಅಸಲಿ ಸಂದಿ ಹೊರಗೆ ಬಂತು.

ಕುತ್ತಿಗೆ, ಎದೆ ಸ್ಕ್ಯಾನ್ ಆಯಿತು. ಏನೂ ಇಲ್ಲ. ಕಂಡಕ್ಟರ್ ಅಣ್ಣಾ, ರಿಪೋರ್ಟ್ ಬರುವ ತನಕ ನಿಮ್ಮ ಅವ್ವನೇ ನೆನಪಾಗುತ್ತಿದ್ದರು.

ಎರಡನೇ ಸಲ ಹೋದಾಗ ಇಎಂಜಿ. ಕುತ್ತಿಗೆಗೆ ಎರಡೂ ಕಡೆ ಸಣ್ಣ ಸೂಜಿ. ಅಪ್ಪ ಕಣ್ಣು ಮುಚ್ಚಿ ಮಲಗಿದ್ದರು. ಆ ಯಂತ್ರಕ್ಕೆ ಸ್ಪೀಕರ್ ಇದೆ. ಬಲಗಡೆ ಸೂಜಿ ಇದ್ದಾಗ ‘ಈ’ ಅಂದರೆ ಭಟ್ಟಿಯಲ್ಲಿ ಮಂಡಕ್ಕಿ ಅರಳುವ ಸದ್ದು, ಚಟಪಟ ಅಂತ ಸಂದಿಲ್ಲದೆ. ಎಡಗಡೆಗೆ ಹಾಕಿದಾಗ ಟಪ್... ಟಪ್... ಬಿಡಿ ಬಿಡಿ. ಅಪ್ಪ ಕಣ್ಣು ತೆರೆದು ನನ್ನ ಕಡೆ ನೋಡಿದರು. ಲಯ ಹಿಡಿದ ಮನುಷ್ಯ, ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಡಾಕ್ಟರು ಹೇಳಿದ್ದು: ಜ್ವರದ ವೈರಸ್ಸಿನಿಂದ ಆಗಿರಬಹುದು, ಬೇರೆ ಕಾರಣ ಸಿಕ್ಕಿಲ್ಲ. ನರ ಪೂರ್ತಿ ಸತ್ತಿಲ್ಲ, ಹೊಸ ಚಿಗುರು ಕಾಣುತ್ತಿದೆ. ಸುಧಾರಿಸಲು ಒಂದು ವರ್ಷವೂ ಆಗಬಹುದು. ಅಲ್ಲಿಯವರೆಗೆ ಥೆರಪಿ. ಮಧ್ಯದಲ್ಲಿ ಬೇಕಾದರೆ ಎಡ ತಂತುವಿಗೆ ಇಂಜೆಕ್ಷನ್ ಕೊಟ್ಟು ಕೆಲವು ತಿಂಗಳ ಮಟ್ಟಿಗೆ ಉಬ್ಬಿಸಬಹುದು. ಅಪ್ಪ ಥೆರಪಿ ಸಾಕು ಅಂದರು.

ಮೈಸೂರಲ್ಲಿ ಓದಿದವಳು, ರಾಯಚೂರು

ಎರಡು ಸಲ ಓದಿದೆ. ಹೊರಗೆ ಹಾಡಿಸಿ ಮತ್ತೆ ನೋಡಿದರಲ್ಲ, ಅಂಥವರ ಕೈಗೆ ಸಿಕ್ಕಿದ್ದು ಮಾಸ್ತರ ಪುಣ್ಯ. ಥೆರಪಿ ಬಿಡಿಸಬೇಡಿ. ದೂರ ಆದರೆ ರಾಯಚೂರಿಗೆ ಬನ್ನಿ, ನಾನೇ ಮಾಡಿಸುತ್ತೇನೆ.

ಕೊಪ್ಪಳ ಟೀಚರಮ್ಮ

ಮಂಡಕ್ಕಿ ಸದ್ದು ಓದಿ ಕಣ್ಣು ತುಂಬಿತು.

ಇಎನ್‌ಟಿ ಪಿಜಿ ಹುಡುಗ

ಇವತ್ತು ನಮ್ಮ ಓಪಿಡಿಯಲ್ಲಿ ಒಬ್ಬ ತರಕಾರಿ ಮಾರುವ ಅಮ್ಮನಿಗೆ ಹಾಗೇ ಮಾಡಿದೆ. ಕಾರಿಡಾರಿನಲ್ಲಿ ಹತ್ತು ನಿಮಿಷ ‘ಸೊಪ್ಪೋ ಸೊಪ್ಪು’ ಅಂತ ಕೂಗಿಸಿ ಮತ್ತೆ ನೋಡಿದೆ. ಮೊದಲ ಸಲ ಕಾಣದ್ದು ಎರಡನೇ ಸಲ ಕಂಡಿತು. ಸ್ಟ್ರೋಬೋಗೆ ಕಳಿಸಿದ್ದೇನೆ.

ಒಂದು ಮಾತು, ವಿಡಿಯೋ ಕಾಪಿ ತಗೊಂಡಿರಾ? ಆರು ತಿಂಗಳ ಮೇಲೆ ಹೊಸದರ ಜೊತೆ ಇಟ್ಟು ನೋಡಬೇಕು. ಬರೀ ರಿಪೋರ್ಟ್ ಹಾಳೆ ಸಾಲದು.

ಸಿರುಗುಪ್ಪದ ಮಗಳು

ತಗೊಂಡಿಲ್ಲ ಸರ್! ನಾಳೆಯೇ ಫೋನ್ ಮಾಡುತ್ತೇನೆ. ಮುಂದಿನ ಸಲಕ್ಕೆ ಪೆನ್‌ಡ್ರೈವ್ ಬ್ಯಾಗಿಗೆ ಹಾಕಿಟ್ಟೆ.

ಹಾರ್ಮೋನಿಯಂ ಪ್ರೇಮಿ

ಮಾಸ್ತರು ಪೆಟ್ಟಿಗೆ ಮುಟ್ಟಿದರಾ?

ಸಿರುಗುಪ್ಪದ ಮಗಳು

ಮುಟ್ಟಿದರು. ದಿನಾ ಬೆಳಿಗ್ಗೆ ಹದಿನೈದು ನಿಮಿಷ, ಮೇಡಂ ಹೇಳಿದಷ್ಟೇ. ಬಿಳಿ ನಾಲ್ಕು ಬಿಟ್ಟು ಬಿಳಿ ಎರಡಕ್ಕೆ ಇಳಿದಿದ್ದಾರೆ. ಈ ಸಲದ ಆಟಕ್ಕೆ ಹಾಡಿ ತೋರಿಸುವುದು ತಮ್ಮನ ಕೆಲಸ. ಅಪ್ಪ ಪಕ್ಕದಲ್ಲಿ ಕೂತು ಪೆಟ್ಟಿಗೆ ಬಾರಿಸುತ್ತಾರೆ, ತಪ್ಪಿದ ಕಡೆ ಕೈ ಎತ್ತುತ್ತಾರೆ. ನಿನ್ನೆ ‘ಆ’ 11 ಸೆಕೆಂಡು ಬಂತು.